ಬಾತಿನ ಫೋಟೊ ಒಂದೂ ಶಾರ್ಪ್ ಬರ್ತಿಲ್ಲ, ಲೆನ್ಸೇ ಹಾಳಾ?

ಬೆಟ್ಟದಂಚು (ಶಿರಸಿ):
ತಲೆ ಕೆಟ್ಟು ಹೋಗಿದೆ. ಬಾತಿಗೋಸ್ಕರವೇ 150-600 ಎಂಎಂ ಜೂಮ್ ಲೆನ್ಸ್ ತಗೊಂಡೆ. ಅತ್ತಿವೇರಿಯಲ್ಲಿ ಸಿಳ್ಳೆ ಬಾತು, ಕಾಟನ್ ಟೀಲ್ ಅನ್ನೋ ಪುಟ್ಟ ಬಾತು ಎರಡೂ ಸಿಕ್ಕವು. ಮನೆಗೆ ಬಂದು ದೊಡ್ಡ ಸ್ಕ್ರೀನಲ್ಲಿ ನೋಡಿದ್ರೆ ಗರಿಯೆಲ್ಲ ಕಲಸಿ ಹೋಗಿದೆ, ಕಣ್ಣು ಎಲ್ಲಿದೆ ಅಂತಲೇ ಗೊತ್ತಾಗ್ತಿಲ್ಲ. ಗಂಡು ಟೀಲಿನ ಕತ್ತು ಸುಣ್ಣ ಬಳಿದ ಹಾಗೆ. ಶಟರ್ 1/1600 ಸೆಕೆಂಡ್, ಹಾಗಾಗಿ ಕೈ ನಡುಗಿದೆ ಅನ್ನೋರು ದೂರ ಇರಿ. ವಾಪಸ್ ಕೊಡೋಕೆ ಇನ್ನು ಸ್ವಲ್ಪವೇ ಟೈಮಿದೆ. ಕೊಡ್ಲಾ?

ಕಾಳಿಸಂಗಮ (ಕಾರವಾರ):
ಯಾವ ಕ್ಯಾಮೆರಾ ಬಾಡಿ? ಒಳಗೆ ಕನ್ನಡಿ ಇರೋ ಡಿಎಸ್‌ಎಲ್‌ಆರ್ ಆದ್ರೆ ಕಣ್ಣು ಮುಚ್ಚಿ ಹೇಳ್ತೆ, ಎಎಫ್ ಫೈನ್ ಟ್ಯೂನ್, ಅಂದ್ರೆ ಆಟೋಫೋಕಸ್ ಚೂರು ಹಿಂದೆ ಮುಂದೆ ತಿದ್ದೋ ಸೆಟ್ಟಿಂಗ್. ಫೋಕಸ್ ಅಳೆಯೋ ಸೆನ್ಸರ್ ಬೇರೆ, ಚಿತ್ರ ಬೀಳೋ ಸೆನ್ಸರ್ ಬೇರೆ. ಎರಡಕ್ಕೂ ಚೂರು ತಾಳೆ ತಪ್ಪಿದ್ರೆ ಮುಗೀತು. ಮೈನಸ್ 5ರಿಂದ ಶುರು ಮಾಡಿ.

ಬೆಟ್ಟದಂಚು:
ಡಿಎಸ್‌ಎಲ್‌ಆರೇ. ಮೈನಸ್ 5 ಇಟ್ಟೆ, ಅಷ್ಟೇ. ಪ್ಲಸ್ 5, ಅದೂ ಅಷ್ಟೇ.

ಕಾಳಿಸಂಗಮ:
ಹಾಗಾದ್ರೆ ಪ್ಲಸ್ 12 ಇಟ್ಟು ನೋಡಿ. ನನ್ನ ಹಳೇ ಲೆನ್ಸಿಗೆ ಅಷ್ಟು ಬೇಕಾಗಿತ್ತು.

ಗಜನಿಬದು (ಕುಮಟಾ):
ಎಂತ ಲಾಟರಿ ಮಾರಾಯ್ರೆ ಇದು! ಲೈವ್ ವ್ಯೂದಲ್ಲಿ, ಅಂದ್ರೆ ಹಿಂದಿನ ಸ್ಕ್ರೀನ್ ನೋಡಿ, ಒಂದು ತೆಗೀರಿ, ವ್ಯೂಫೈಂಡರಲ್ಲಿ ಒಂದು ತೆಗೀರಿ. ಲೈವ್ ವ್ಯೂ ಚಿತ್ರದ ಸೆನ್ಸರಲ್ಲೇ ಫೋಕಸ್ ಮಾಡೋದು. ಎರಡೂ ಒಂದೇ ಥರ ಕೆಟ್ಟರೆ ಟ್ಯೂನಿನ ಪಾಪ ಅಲ್ಲ.

ಅಡಿಕೆಸಾಲು (ಯಲ್ಲಾಪುರ):
ಮುಂದೆ ಯುವಿ ಫಿಲ್ಟರ್ ಇದ್ಯಾ? ಅಗ್ಗದ್ದಾದ್ರೆ ಬಿಚ್ಚಿಡಿ. ಸಿಪಿಎಲ್ (ಪೋಲರೈಸರ್ ಫಿಲ್ಟರ್) ಹಾಕಿ, ನೀರಿನ ಹೊಳಪು ಸಾಯ್ತದೆ, ತಲೆಯ ಬಣ್ಣ ಏಳ್ತದೆ.

ಗಜನಿಬದು:
ಸಿಪಿಎಲ್ ಹಾಕಿದ್ರೆ ಒಂದೂವರೆ ಸ್ಟಾಪ್ ಬೆಳಕು, ಅಂದ್ರೆ ಅರ್ಧಕ್ಕಿಂತ ಹೆಚ್ಚು, ತಿಂತದೆ. ಮೊದಲೇ ಬೆಳಕು ಕಮ್ಮಿ ಬಿಡೋ ಎಫ್ 6.3 ಲೆನ್ಸಿಗೆ ಬೆಳಗ್ಗೆ ಅದೆಲ್ಲಿಂದ ತರೋದು? ಮೇಲಾಗಿ ಬಾತಿನ ಕೆಳಗಿನ ಪ್ರತಿಬಿಂಬವೂ ಸಾಯ್ತದೆ. ನೀರಿನ ಫೋಟೊಗೆ ಅರ್ಧ ಚಂದ ಅದೇ ಅಲ್ವಾ?

ಅಡಿಕೆಸಾಲು:
ನಿಮಗೆ ಚಂದ ಅದು. ನನಗೆ ಹಕ್ಕಿ ಬೇಕು, ಕನ್ನಡಿ ಬೇಡ. ಬೆಳಕು ಸಾಲದಿದ್ರೆ ಸೆನ್ಸರಿನ ಸಂವೇದನೆ ಏರಿಸಿ, ಈಗಿನ ಬಾಡಿಗೆ ಐಎಸ್‌ಒ 3200 ಒಂದು ಲೆಕ್ಕವಾ?

ಕಾಳಿಸಂಗಮ:
ಪ್ಲಸ್ 12 ಏನಾಯ್ತು?

ಸೋಂದೆಹೊಳೆ (ಶಿರಸಿ):
ಅಲ್ಲ, ಜಾಗದ ಹೆಸರು ಹಾಕಿ ಬರೀಬೇಕಾಗಿತ್ತಾ? ಮುಂಡಿಗೆಕೆರೆಯಲ್ಲಿ ಬೆಳ್ಳಕ್ಕಿ ಗೂಡು ಕಟ್ಟೋ ಹೊತ್ತಿಗೆ ಜನ ಟ್ರೈಪಾಡ್ ಹೊತ್ತು ಬರೋದು ನೋಡಿ ಬೇಜಾರಾಗಿದೆ.

ಅಡಿಕೆಸಾಲು:
ಅತ್ತಿವೇರಿ ಪಕ್ಷಿಧಾಮ ಅಂತ ಬೋರ್ಡೇ ಇದೆ ಅಣ್ಣ, ಗುಟ್ಟೆಂತ ಉಂಟು ಅದರಲ್ಲಿ?

ಗಜನಿಬದು:
ಅದು ಬಿಡಿ. ಬೆಟ್ಟದಂಚಿನವರೆ, ಎಷ್ಟು ಹೊತ್ತಿಗೆ ತೆಗೆದ್ರಿ? ಎಲ್ಲಿ ನಿಂತು? ಹಕ್ಕಿ ಎಷ್ಟು ದೂರ?

ಬೆಟ್ಟದಂಚು:
ಹನ್ನೊಂದರ ಮೇಲೆ. ಬಿಸಿಲು ಚೆನ್ನಾಗಿತ್ತು. ದೂರ ಇತ್ತು, ಅದಕ್ಕೇ ತಾನೆ 600. ಮೇಲಿಂದ, ಕಾರಲ್ಲೇ ಕೂತು, ಎಸಿ ಹಾಕ್ಕೊಂಡು ಗಾಜು ಇಳಿಸಿ. ಎಲ್ಲರೂ ಹಾಗೇ ತೆಗೀತಾರೆ, ಅದರಲ್ಲಿ ಹೇಳೋದೇನಿದೆ?

ಗಜನಿಬದು:
ಅಯ್ಯೋ ಪುಣ್ಯಾತ್ಮ, ಇದನ್ನ ಮೊದಲು ಹೇಳಬಾರದಿತ್ತಾ! ಕಿಟಕಿಯಿಂದ ತಣ್ಣನೆ ಗಾಳಿ ಹೊರಗೆ ಬಂದು ಬಿಸಿ ಗಾಳಿಗೆ ಸೇರೋದು ನಿಮ್ಮ ಲೆನ್ಸಿನ ಮೂಗಿನ ಮುಂದೆಯೇ. ಅದರಾಚೆ ಕಾದ ಕಲ್ಲು, ಕಾದ ನೆಲ, ಆಮೇಲೆ ಅಷ್ಟುದ್ದ ನೀರು. ತಣ್ಣನೆ ಗಾಳಿ, ಬಿಸಿ ಗಾಳಿ ಬೆಳಕನ್ನ ಬಗ್ಗಿಸೋ ಪ್ರಮಾಣ ಬೇರೆ ಬೇರೆ, ಹಾಗಾಗಿ ಚಿತ್ರ ಕುದೀತದೆ. ಶಟರ್ 1/4000 ಇಟ್ಟರೂ ಬಗ್ಗಿದ್ದು ಬಗ್ಗಿದ್ದೇ. 600ರಲ್ಲಿ ಹಕ್ಕಿ ದೊಡ್ಡದಾದ ಹಾಗೆ ಕುದಿತವೂ ದೊಡ್ಡದಾಗ್ತದೆ.

ಖಾತ್ರಿ ಬೇಕಾದ್ರೆ ಒಂದೇ ಬರ್ಸ್ಟಿನ (ಪಟಪಟ ಒಟ್ಟಿಗೆ ತೆಗೆದ) ಫ್ರೇಮ್‌ಗಳನ್ನ ಒಂದಾದ ಮೇಲೊಂದು ನೋಡಿ. ಫೋಕಸ್ ಹಿಂದೆಯೋ ಮುಂದೆಯೋ ಬಿದ್ದಿದ್ರೆ ಬಾತು ಮಸುಕು, ಆದ್ರೆ ಅದರ ಹಿಂದಿನದೋ ಮುಂದಿನದೋ ನೀರಿನ ಸುಕ್ಕು ಚೊಕ್ಕ ಇರ್ತದೆ. ಗಾಳಿಯ ಆಟ ಆದ್ರೆ ಎಲ್ಲೂ ಚೊಕ್ಕ ಇರೋದಿಲ್ಲ, ಒಂದು ಫ್ರೇಮಲ್ಲಿ ಕೊಕ್ಕು ಸೊಟ್ಟ, ಇನ್ನೊಂದರಲ್ಲಿ ಬೆನ್ನು ಸೊಟ್ಟ.

ಬೆಟ್ಟದಂಚು:
ಕೊಕ್ಕು ಒಂದೊಂದರಲ್ಲಿ ಒಂದೊಂದು ಥರ ಇದೆ. ನೀರೂ ಮಸುಕೇ.

ಕಾಳಿಸಂಗಮ:
ಇರಬಹುದು. ಆದ್ರೂ ಟ್ಯೂನ್ ಒಂದು ಸಲ ಪೂರ್ತಿ ಮಾಡಿಬಿಡಿ, ನಷ್ಟ ಎಂತ?

ಸೋಂದೆಹೊಳೆ:
ಬೆಳಗ್ಗೆ ಹೋದ್ರೆ ಎಲ್ಲ ಸರಿ ಅಂತಲೂ ಅಲ್ಲ. ಡಿಸೆಂಬರಲ್ಲಿ ನಮ್ಮ ಕಡೆ ಗಾಳಿ ತಣ್ಣಗೆ, ಕೆರೆ ನೀರು ಬೆಚ್ಚಗೆ, ಹೊಗೆ ಏಳ್ತದೆ. ಆಗಲೂ ದೂರದ್ದು ಕುದೀತದೆ. ಒಟ್ಟು ಹತ್ತಿರ ಸಿಗೋ ಹಕ್ಕಿ ಬೇಕು. ಕಾರಿಂದ ಇಳಿದು, ಬಿಟ್ಟಿರೋ ಜಾಗದಲ್ಲೇ, ಆದಷ್ಟು ನೀರಿನ ಮಟ್ಟಕ್ಕೆ ಕೂತ್ಕೊಳ್ಳಿ, ಬಾತು ತಾನಾಗೇ ತೇಲಿ ಬರ್ತದೆ. ಮೇಲಿಂದ ತೆಗೆದ್ರೆ ಹಿಂದೆ ಬರೀ ನೀರು, ಬಾತು ಅದಕ್ಕೆ ಅಂಟಿಸಿದ ಹಾಗೆ ಕಾಣ್ತದೆ. ಕೆಳಗೆ ಕೂತ್ರೆ ಹಿಂದಿನ ದಡ ದೂರ ಹೋಗಿ ಕರಗ್ತದೆ.

ಸುಣ್ಣದ ಕತ್ತಿಗೆ ಮದ್ದು ಬೇರೆ. ಮರದ ನೆರಳಿನ ಕಪ್ಪು ನೀರು ನೋಡಿ ಮೀಟರ್ ಬೆಳಕು ಹೆಚ್ಚು ಮಾಡ್ತದೆ. ಎಕ್ಸ್‌ಪೋಷರ್ ಮೈನಸ್ 0.7, ಬೇಕಾದ್ರೆ ಮೈನಸ್ 1 ಇಟ್ಟು ರಾ (ಕ್ಯಾಮೆರಾ ಕುಗ್ಗಿಸದ) ಫೈಲಲ್ಲಿ ತೆಗೀರಿ. ಕಪ್ಪನ್ನ ಆಮೇಲೆ ಎತ್ತಬಹುದು, ಸುಟ್ಟ ಬಿಳಿ ಬರೋದಿಲ್ಲ.

ಗಜನಿಬದು:
ನಮ್ಮ ಅಘನಾಶಿನಿ ಕಡೆ ಬನ್ನಿ. ಉಬ್ಬರ ಏರಿದಾಗ ಹಕ್ಕಿಗಳು ಬದುವಿನ ಹತ್ತಿರಕ್ಕೆ ಸರೀತವೆ. ಉಬ್ಬರದ ಟೈಮ್ ನೋಡ್ಕೊಂಡೇ ಹೊರಡಿ, ಇಳಿತದಲ್ಲಿ ಕೆಸರೇ ಗತಿ.

ಅಡಿಕೆಸಾಲು:
ನಾನು ಕ್ಯಾನನ್ ಆರ್7, 100-500 ತಗೊಂಡ ಮೇಲೆ ಫೈನ್ ಟ್ಯೂನ್ ರಗಳೆಯೇ ಇಲ್ಲ. ಹಕ್ಕಿ ಕಣ್ಣು ತಾನೇ ಹಿಡೀತದೆ.

ಕಾಳಿಸಂಗಮ:
ನಂದು ನಿಕಾನ್ ಝಡ್8, 180-600. ಕಾರವಾರದ ಉಪ್ಪುಗಾಳಿಗೂ ಜಗ್ಗಿಲ್ಲ.

ಸೋಂದೆಹೊಳೆ:
ಫೈನ್ ಟ್ಯೂನ್ ಬೇಕಾಗದ ಮಿರರ್‌ಲೆಸ್ (ಕನ್ನಡಿ ಇಲ್ಲದ) ಕ್ಯಾಮೆರಾ ಇಟ್ಕೊಂಡು ಊರಿಗೆಲ್ಲ ಫೈನ್ ಟ್ಯೂನ್ ಹಂಚ್ತಾ ಇದ್ರಾ!

ಬೆಟ್ಟದಂಚು:
ಲೆನ್ಸ್ ಕೊಡಬೇಕಾ ಬೇಡ್ವಾ, ಅದನ್ನ ಹೇಳಿ.

ಗಜನಿಬದು:
ಬೆಳಗ್ಗೆ ಮನೆ ಅಂಗಳದಲ್ಲಿ, ನೆರಳಲ್ಲಿ, ಹತ್ತು ಹನ್ನೆರಡು ಮೀಟರ್ ದೂರದಲ್ಲಿ ಅಡಿಕೆ ಕೊನೆ ಇಟ್ಟು ಟ್ರೈಪಾಡ್ ಮೇಲೆ ತೆಗೀರಿ. ಸಿಪ್ಪೆಯ ಗೀರು ಕಂಡ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ಅವತ್ತೇ ವಾಪಸ್.

ಅಡಿಕೆಸಾಲು:
ಕಾಳಿಸಂಗಮದವರೆ, ಮಳೆಗಾಲದಲ್ಲಿ ಎಲ್ಲಿ ಇಡ್ತೀರಿ? ಡ್ರೈ ಕ್ಯಾಬಿನೆಟ್ಟಾ? ನನ್ನ ಹಳೇದಕ್ಕೆ ಫಂಗಸ್ ಬಂತು.

ಕಾಳಿಸಂಗಮ:
ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವಾಂಶದ ಮೀಟರ್. ತೇವ ಶೇಕಡಾ 40ರಿಂದ 50 ಒಳಗಿದ್ರೆ ಸಾಕು.

ಸೋಂದೆಹೊಳೆ:
ಜೆಲ್ ಬಣ್ಣ ಬದಲಾದ ಮೇಲೆ ಓವನ್ನಲ್ಲಿ ಒಣಗಿಸ್ತೀರಾ, ಅಡಿಕೆ ಭಟ್ಟಿಯಲ್ಲಾ?