30ಕ್ಕೆ 21 ಎಂದು ಹೆದರಿಸಿದ ಅಣ್ಣನಿಗೆ

ಅಣ್ಣಾ, ಅಡುಗೆಮನೆ ಮುಗಿಸಿ ಈಗ ಕುಳಿತೆ. ಉದ್ದವಾಗುತ್ತದೆ, ಪೂರ್ತಿ ಕೇಳು. ಮೈಸೂರಿನ ಬಾವನೂ ಗುಂಪಿನಲ್ಲಿ ಇರುವುದರಿಂದ ಕನ್ನಡದಲ್ಲೇ ಹೇಳುತ್ತೇನೆ. "ಅವ್ವನಿಗೆ 30ಕ್ಕೆ 21 ಬಂದಿದೆ, ಮರೆವಿನ ಕಾಯಿಲೆ ಖಚಿತವಾಯಿತು, ತೋಟದ ಲೆಕ್ಕ, ಚೆಕ್ ಪುಸ್ತಕ ಎಲ್ಲ ಅವಳ ಕೈಯಿಂದ ತೆಗೆಯಿರಿ" ಎಂದು ಬೆಳಿಗ್ಗೆ ಹಾಕಿದ್ದೀಯ. ನೀನು ನೋಡಿದ್ದು ಒಂದು ಕಾಗದದ ಫೋಟೋ. ಅವಳ ಪಕ್ಕದಲ್ಲಿ ಕುಳಿತಿದ್ದವಳು ನಾನು.

ಆ ಪರೀಕ್ಷೆಯ ಹೆಸರು ಮೊಕಾ. ಅವ್ವ ಅದನ್ನು ಯಾವುದೋ ಕಾಫಿ ಎಂದುಕೊಂಡಿದ್ದಳು, ಇರಲಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ರೂಪುಗೊಂಡು 2005ರಲ್ಲಿ ಪ್ರಕಟವಾದ, ನೆನಪು ಮತ್ತು ಯೋಚನಾಶಕ್ತಿ ನೋಡುವ ಹತ್ತು ನಿಮಿಷದ ಪರೀಕ್ಷೆ ಅದು. 26 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿ ಎನ್ನುತ್ತಾರೆ. 12 ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುತ್ತಾರೆ. ಐದನೇ ತರಗತಿಗೆ ಶಾಲೆ ಬಿಟ್ಟವಳಿಗೂ ಒಂದೇ ಅಂಕ, ಪಿಯುಸಿ ಮುಗಿಸಿದವನಿಗೂ ಒಂದೇ ಅಂಕ! ಇದು ಜರಡಿ ಅಣ್ಣಾ. ಜರಡಿಯಿಂದ ಕೆಳಗೆ ಬಿದ್ದ ಕಾಫಿ ಬೀಜವೆಲ್ಲ ಹುಳುಕಲ್ಲ, ಆಮೇಲೆ ಕೈಯಲ್ಲಿ ಆರಿಸುವ ಕೆಲಸ ಬೇರೆಯೇ ಇದೆ ಎಂದು ನಿನಗೆ ನಾನು ಹೇಳಬೇಕೇ?

ಅಂದು ಆಗಸ್ಟ್ 5. ಇವತ್ತು ಯಾವ ತಾರೀಖು ಎಂದು ಕೇಳಿದರು. "ಮೊನ್ನೆ ಕಕ್ಕಡ ಹದಿನೆಂಟು, ಮದ್ದು ಸೊಪ್ಪಿನ ಪಾಯಸ ಮಾಡಿದೆವು, ಇವತ್ತು ಇಪ್ಪತ್ತು" ಎಂದಳು. ಲೆಕ್ಕ ಸರಿಯೇ. ಆದರೆ ಪರೀಕ್ಷೆ ಮಾಡುತ್ತಿದ್ದ, ಹೊರಗಿನಿಂದ ಬಂದಿದ್ದ ಹುಡುಗಿಗೆ ಕಕ್ಕಡ ಎಂದರೆ ನಮ್ಮ ಕೊಡವ ತಿಂಗಳು ಎಂದು ಗೊತ್ತಿಲ್ಲ, ಸೊನ್ನೆ ಹಾಕಿದಳು. ನೆನಪಿಟ್ಟುಕೊಳ್ಳಲು ಐದು ಪದಗಳನ್ನು ಆ ಹುಡುಗಿ ಓದಿ ಹೇಳುವಾಗ ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು. ಅವ್ವನ ಕಿವಿ ಮಿಷನ್ ಸೆಲ್ ಮುಗಿದು ಮನೆಯ ಕಪಾಟಿನಲ್ಲಿತ್ತು. ಅದು ನನ್ನದೇ ತಪ್ಪು. ಕೇಳಿಸದ ಪದವನ್ನು ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ? ನೂರರಿಂದ ಏಳೇಳು ಕಳೆಯಲು ಹೇಳಿದಾಗ ಮಾತ್ರ 93, 86, 79 ಎಂದು ನಿಲ್ಲದೆ ಹೇಳಿದಳು. ನಲವತ್ತು ವರ್ಷ ಆಳುಗಳ ಬಟವಾಡೆ ಮಾಡಿದ ತಲೆಯಲ್ಲವೇ.

ಹಾಗೆಂದು ಏನೂ ಆಗಿಲ್ಲ ಎಂದು ನಾನು ಹೇಳುತ್ತಿಲ್ಲ. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಲು ಹೇಳಿದರು. ವೃತ್ತ, ಅಂಕಿಗಳು ಎಲ್ಲ ಚೆನ್ನಾಗಿದ್ದವು. ಆದರೆ ದೊಡ್ಡ ಮುಳ್ಳನ್ನು ಎರಡರ ಮೇಲೆ ಇಡದೆ ಹತ್ತರ ಮೇಲೆ ಇಟ್ಟಳು. ಕೇಳಿದ "ಹತ್ತು" ಕಣ್ಣೆದುರಿನ 10ಕ್ಕೇ ಎಳೆದುಕೊಂಡು ಹೋಗುತ್ತದಂತೆ. ಇದಕ್ಕೂ ಕಿವಿಗೂ ಸಂಬಂಧವಿಲ್ಲ. ಮನೆಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ, ಮಳೆ ಪುಸ್ತಕ ತೆಗೆದೆ. ಅಪ್ಪ ಹೋದ ಮೇಲೆ ದಿನಾ ಬೆಳಿಗ್ಗೆ ಅಳತೆ ನೋಡಿ ಬರೆಯುವವಳು ಅವಳೇ. ಮೂರು ವರ್ಷದ ಹಿಂದಿನ ಜುಲೈ ಪುಟದಲ್ಲಿ ಒಂದು ದಿನವೂ ತಪ್ಪಿಲ್ಲ, ಇಂಚು ಒಂದು ಸಾಲು, ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಇನ್ನೊಂದು ಸಾಲು, ಮುತ್ತಿನಂಥ ಅಕ್ಷರ. ಈ ಜುಲೈಯಲ್ಲಿ 11ನೇ ತಾರೀಖು ಎರಡು ಸಲ ಇದೆ, 17ರಿಂದ 19 ಖಾಲಿ. ಒಂದು ಕಡೆ 3 ಇಂಚು 10 ಸೆಂಟ್ ಇರಬೇಕಾದಲ್ಲಿ 31 ಇಂಚು! ನನ್ನ ಹೊಟ್ಟೆ ತೊಳಸಿದ್ದು ಆಗ, 21 ನೋಡಿದಾಗ ಅಲ್ಲ. ಮಾಂಟ್ರಿಯಲ್‌ನವರ ಜೊತೆ ಅವಳನ್ನು ಹೋಲಿಸಿ ಏನು ಮಾಡುವುದು? ಮೂರು ವರ್ಷದ ಹಿಂದಿನ ಅವ್ವನ ಜೊತೆ ಇಂದಿನ ಅವ್ವನನ್ನು ಹೋಲಿಸಬೇಕು. ಆ ಪುಟಗಳ ಫೋಟೋ ತೆಗೆದಿದ್ದೇನೆ, ವೈದ್ಯರಿಗೆ ತೋರಿಸುತ್ತೇನೆ.

ಮೊದಲು ರಕ್ತಪರೀಕ್ಷೆ: ಥೈರಾಯ್ಡ್, ಬಿ12. ಪಂದಿಕರಿ, ಅಂದರೆ ಹಂದಿ ಮಾಂಸ ತಿನ್ನುವ ಮನೆಯಲ್ಲಿ ಬಿ12 ಕೊರತೆಯೇ ಎಂದು ನಗಬೇಡ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಅದು ಇಳಿಯುವುದುಂಟು. ರಾತ್ರಿ ಶೀತಕ್ಕೆಂದು ಅವಳೇ ತಂದು ನುಂಗುವ ನಿದ್ದೆ ಬರಿಸುವ ಮಾತ್ರೆಯನ್ನೂ ತೋರಿಸಬೇಕು, ವಯಸ್ಸಾದವರಲ್ಲಿ ಅಂಥವು ತಲೆಯನ್ನು ಮಂಕು ಮಾಡುತ್ತವೆ. ಅಪ್ಪ ಹೋದ ದುಃಖವೂ ಮರೆವಿನ ವೇಷ ಹಾಕಬಹುದು, ಅದನ್ನೂ ಹೇಳುತ್ತೇನೆ. ಇಷ್ಟಾದ ಮೇಲೂ ಸಂಶಯ ಉಳಿದರೆ ನಿಮ್ಹಾನ್ಸ್‌ನಂಥ ಕಡೆ ಗಂಟೆಗಟ್ಟಲೆ ಕೂರಿಸಿ ಮಾಡುವ ವಿವರವಾದ ಪರೀಕ್ಷೆ ಮಾಡಿಸೋಣ. ಅಲ್ಲಿ ಸುಳಿವು ಕೊಟ್ಟರೆ ಪದ ನೆನಪಾಗುತ್ತದೆಯೇ ಎಂದೂ ನೋಡುತ್ತಾರೆ. ಸುಳಿವಿಗೆ ಬಂದರೆ ಪದ ಒಳಗೆ ಇದೆ, ತೆಗೆಯಲು ಕಷ್ಟವಾಗುತ್ತಿದೆ. ನಾಲ್ಕು ಪದಗಳ ನಡುವೆ ಇಟ್ಟು ತೋರಿಸಿದರೂ ಗುರುತು ಸಿಗದಿದ್ದರೆ ಅದು ಒಳಗೆ ಹೋಗಿಯೇ ಇಲ್ಲ. ಎರಡೂ ಬೇರೆ ಬೇರೆ ಕಥೆ.

ಬಾವಾ, ನೀವು ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದೀರಿ, ಆದರೆ ಆ ಮೊಕಾ ಪ್ರಶ್ನೆಪತ್ರಿಕೆಯನ್ನು ದಯವಿಟ್ಟು ಗುಂಪಿನಿಂದ ಅಳಿಸಿ. ಅವ್ವ ಅದನ್ನು ಬಾಯಿಪಾಠ ಮಾಡಿದರೆ ಮುಂದಿನ ಸಲ 27 ಬರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಚೆಕ್ ಪುಸ್ತಕ ಅವಳ ಹತ್ತಿರವೇ ಇರುತ್ತದೆ ಅಣ್ಣಾ. ಶನಿವಾರ ಬಟವಾಡೆಗೆ ನಾನು ಪಕ್ಕದಲ್ಲಿ ಕೂರುತ್ತೇನೆ, ಸಹಿ ಮಾಡುವ ಮೊದಲು ಮೊತ್ತವನ್ನು ಇಬ್ಬರೂ ಓದುತ್ತೇವೆ. ನೀನು ಬರುವಾಗ ಕಿವಿ ಮಿಷನ್‌ನ ಸೆಲ್ ತಾ. 312 ನಂಬರಿನದು, ಕಂದು ಬಣ್ಣದ ಸ್ಟಿಕರ್ ಇರುತ್ತದೆ. ಎರಡು ಪ್ಯಾಕೆಟ್ ಇರಲಿ.