ಅಪ್‌ಡೇಟ್: ಮೂರು ವೆಬರ್ ಕಾರ್ಬುರೇಟರ್, ಕೊನೆಯದಕ್ಕೆ ಪೆಟ್ರೋಲ್ ಸಾಲುತ್ತಿರಲಿಲ್ಲ

ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, ನನ್ನ 1972ರ ಡಾಟ್ಸನ್ 240ಝಡ್ ಕಾರಿಗೆ ಮೂರು ವೆಬರ್ 40 ಡಿಸಿಒಇ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಹಾಕಿದ ಮೇಲೆ ಇಂಜಿನ್ ಬಿಸಿಯಾದರೆ ಮುಗ್ಗರಿಸುತ್ತದೆ ಅಂತ. ಈಗ ಸರಿಹೋಯಿತು!

ಮೊದಲು ದೊಡ್ಡ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್ ಹಾಕಿ ನೋಡಿದೆ. ತಪ್ಪು ಮಾಡಿದೆ. ಒತ್ತಡ ಜಾಸ್ತಿಯಾಗಿ, ಕಾರ್ಬುರೇಟರ್‌ಗೆ ಬರುವ ಪೆಟ್ರೋಲನ್ನು ಬೇಕಾದಾಗ ನಿಲ್ಲಿಸುವ ನೀಡಲ್ ವಾಲ್ವ್ ತಡೆಯಲಾರದೆ ಪೆಟ್ರೋಲ್ ಹೊರಗೆ ಸುರಿಯಿತು. ಈ ಇಂಜಿನ್‌ನಲ್ಲಿ ಕಾರ್ಬುರೇಟರ್ ಕೆಳಗೇ ಕಾದ ಎಕ್ಸಾಸ್ಟ್ (ಹೊಗೆ ಕೊಳವೆ) ಅಲ್ವಾ, ಎದೆ ಧಸಕ್ಕೆಂದಿತು. ಪೆಟ್ರೋಲ್ ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿದ್ದೂ ಸುಮ್ನೆ ದುಡ್ಡು ದಂಡ.

ಕೆಲಸ ಮಾಡಿದ್ದು ನೀವು ಕೊಟ್ಟ ರಿಟರ್ನ್ ಲೈನ್ ಸಲಹೆ, ಅಂದರೆ ಉಳಿದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಕಳಿಸುವ ಪೈಪ್. ಒಂದರಿಂದ ಒಂದಕ್ಕೆ ಸರಪಳಿಯಂತೆ ಎಳೆದಿದ್ದ ಪೈಪ್ ಕಿತ್ತು, ಒಂದು ಫ್ಯೂಯೆಲ್ ರೇಲ್‌ನಿಂದ (ಪೆಟ್ರೋಲ್ ಹಂಚುವ ಮುಖ್ಯ ಕೊಳವೆ) ಮೂರಕ್ಕೂ ಬೇರೆ ಬೇರೆ ಕವಲು ಕೊಟ್ಟೆ. ರೆಗ್ಯುಲೇಟರ್ ಹಾಕಿ ಒತ್ತಡವನ್ನು 3 ಪಿಎಸ್‌ಐಗೆ (ಒತ್ತಡದ ಅಳತೆ) ಇಳಿಸಿದೆ. ಉಳಿದ ಪೆಟ್ರೋಲ್ ರೇಲ್‌ನ ತುದಿಯಿಂದ ಸಣ್ಣ ತೂತಿನ ರಿಸ್ಟ್ರಿಕ್ಟರ್ ಮೂಲಕ ಟ್ಯಾಂಕಿಗೆ ವಾಪಸ್. ಪೆಟ್ರೋಲ್ ಹರಿಯುತ್ತಲೇ ಇರುವುದರಿಂದ ಪೈಪಿನಲ್ಲಿ ಆವಿ ಕಟ್ಟುವುದು ನಿಂತಿತು.

ನಾನು ನಿರೀಕ್ಷಿಸದ್ದು ಇನ್ನೊಂದಿದೆ. ಕೊನೆಯ ಕಾರ್ಬುರೇಟರ್‌ನ ಒಳಜಾಲರಿಯಲ್ಲಿ ಕಪ್ಪು ರಬ್ಬರ್ ಚೂರುಗಳು! ಹಳೇ ಹೋಸ್ ಹೊರಗೆ ಚೆನ್ನಾಗಿಯೇ ಕಾಣುತ್ತಿತ್ತು, ಒಳಗೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ತಿಂದುಹಾಕಿತ್ತು. ಈಗ ಎಲ್ಲವೂ ಎಥೆನಾಲ್ ತಡೆಯುವ ಹೊಸ ಹೋಸ್.