ಮಾಡೆಲ್ ಹೇಳಿದ ಮೋಡ್ ಬರ್ತಿಲ್ಲ, ಹೇಳದೇ ಇರೋದು ಕೂಗ್ತಿದೆ: ಕಂಬಸ್ಟರ್ ಇನ್‌ಸ್ಟೆಬಿಲಿಟಿ

ಉರಿಗಾಳಿ:
ಲೀನ್ ಪ್ರೀಮಿಕ್ಸ್ಡ್ ಕಂಬಸ್ಟರ್‌ದು (ಜಾಸ್ತಿ ಗಾಳಿಗೆ ಕಮ್ಮಿ ಫ್ಯುಯೆಲ್ ಬೆರೆಸಿ ಉರಿಸೋ ಗೂಡು) ಥರ್ಮೋಅಕೂಸ್ಟಿಕ್ ಲೆಕ್ಕ, ಅಂದ್ರೆ ಉರಿ ಮತ್ತೆ ಶಬ್ದದ ಅಲೆ ಒಂದನ್ನೊಂದು ಹೆಂಗೆ ಬೆಳೆಸತ್ವೆ ಅನ್ನೋ ಲೆಕ್ಕ ಮಾಡ್ತಿದೀನಿ, ಒಂದೇ ಸ್ವರ್ಲ್ ಬರ್ನರ್, ಮೀಥೇನ್. ನೆಟ್‌ವರ್ಕ್ ಮಾಡೆಲ್ (ರಿಗ್ ಅಂದ್ರೆ ಪರೀಕ್ಷೆಯ ಸೆಟಪ್ಪನ್ನ ಜೋಡಿಸಿದ ನಳಿಕೆಗಳ ಸಾಲು ಅಂತ ನೋಡೋದು), ಫ್ಲೇಮ್‌ಗೆ ಮಾಮೂಲಿ ಎನ್-ಟೌ: ಎನ್ ಅಂದ್ರೆ ಫ್ಲೇಮ್ ಎಷ್ಟು ಜೋರಾಗಿ ಸ್ಪಂದಿಸತ್ತೆ (ಗೇನ್), ಟೌ ಅಂದ್ರೆ ಎಷ್ಟು ತಡವಾಗಿ. 210 ಹರ್ಟ್ಸ್ ಮೋಡ್ (ಕಂಬಸ್ಟರ್ ಒಳಗಿನ ಸಹಜ ಶಬ್ದ ಕಂಪನ) ಬೆಳೆಯತ್ತೆ ಅಂತ ಮಾಡೆಲ್ ಹೇಳತ್ತೆ, ಆದ್ರೆ ರಿಗ್‌ನಲ್ಲಿ ಅದು ಸುಮ್ನೆ ಇದೆ, 430 ಹತ್ರ ಕಿವಿ ಕಿತ್ತೋಗೋ ಹಾಗೆ ಕೂಗತ್ತೆ. ಟೌ 3 ಮಿಲಿಸೆಕೆಂಡ್ ಇಟ್ಟಿದೀನಿ, ಫ್ಲೇಮ್ ಉದ್ದವನ್ನ ಸರಾಸರಿ ವೇಗದಿಂದ ಭಾಗಿಸಿದ್ದು. ಎಲ್.ಇ.ಎಸ್ (ಹರಿವಿನ ದೊಡ್ಡ ಸುಳಿಗಳನ್ನ ನೇರವಾಗಿ ಲೆಕ್ಕ ಹಾಕೋ ಭಾರಿ ಕಂಪ್ಯೂಟರ್ ಸಿಮ್ಯುಲೇಶನ್) ಮಾಡದೆ ಬೇರೆ ದಾರಿ ಇಲ್ವಾ?

ಅಲೆಲೆಕ್ಕ:
ಎಲ್.ಇ.ಎಸ್ ಆಮೇಲೆ ನೋಡೋಣ, ಮೊದಲು ಆ ಟೌ ಮೇಲೆ ಅಷ್ಟು ನಂಬಿಕೆ ಯಾಕೆ ಅಂತ ಹೇಳಿ. ಶಾಖ ಏರಿಳಿಯೋದು ಪ್ರೆಷರ್ ಜೊತೆ ಫೇಸ್‌ನಲ್ಲಿದ್ರೆ ಅಲೆಗೆ ಶಕ್ತಿ ಸೇರತ್ತೆ, ಎದುರು ಫೇಸ್‌ನಲ್ಲಿದ್ರೆ ಕಿತ್ಕೊಳ್ಳತ್ತೆ, ರೇಲೀ 1878ರಲ್ಲೇ ಹೇಳಿದ್ದು. ಅಂದ್ರೆ ಎಲ್ಲಾ ನಿಂತಿರೋದು ಫೇಸ್ ಮೇಲೆ. ಟೌನಲ್ಲಿ ಬರೀ ಅರ್ಧ ಮಿಲಿಸೆಕೆಂಡ್ ತಪ್ಪಿದ್ರೆ 210ರಲ್ಲಿ ಫೇಸ್ ಸುಮಾರು 38 ಡಿಗ್ರಿ ತಿರುಗತ್ತೆ, 430ರಲ್ಲಿ 77 ಡಿಗ್ರಿ! ಸ್ಟೇಬಲ್ಲು ಅನ್‌ಸ್ಟೇಬಲ್ಲು ಅದಲು ಬದಲಾಗೋಕೆ ಇಷ್ಟು ಸಾಕು.

ಇನ್ನೊಂದು, ಸ್ವರ್ಲ್ ಫ್ಲೇಮ್‌ಗೆ ಎನ್ ಒಂದೇ ನಂಬರ್ ಅಂದ್ಕೊಳ್ಳೋದೇ ಸರಿಯಲ್ಲ. ಶಬ್ದದ ಅಲೆ ಸ್ವರ್ಲರ್ (ಗಾಳಿಯನ್ನ ಸುತ್ತಿಸೋ ರೆಕ್ಕೆಗಳು) ದಾಟುವಾಗ ಸುಳಿಯ ಏರಿಳಿತ ಹುಟ್ಟತ್ತೆ, ಅದು ಹರಿವಿನ ವೇಗದಲ್ಲಿ ನಿಧಾನಕ್ಕೆ ಫ್ಲೇಮ್‌ಗೆ ಬರತ್ತೆ, ಶಬ್ದ ಮಾತ್ರ ಆಗಲೇ ಬಂದಾಗಿರತ್ತೆ, ಎರಡೂ ಕೆಲವು ಫ್ರೀಕ್ವೆನ್ಸಿಲಿ ಒಂದನ್ನೊಂದು ಹೊಡೆದು ಹಾಕತ್ವೆ, ಹಂಗಾಗಿ ಫ್ಲೇಮ್ ಟ್ರಾನ್ಸ್‌ಫರ್ ಫಂಕ್ಷನ್ (ಒಂದೊಂದು ಫ್ರೀಕ್ವೆನ್ಸಿಗೆ ಫ್ಲೇಮ್ ಎಷ್ಟು ಜೋರಾಗಿ, ಯಾವ ಫೇಸ್‌ನಲ್ಲಿ ಸ್ಪಂದಿಸತ್ತೆ ಅನ್ನೋದು) ಗೇನ್‌ನಲ್ಲಿ ಒಂದು ಗುಂಡಿ ಬೀಳತ್ತೆ. ನಿಮ್ಮ 210 ಆ ಗುಂಡಿಲೇ ಕೂತಿರಬಹುದು ಅನ್ನೋದು ನನ್ನ ಅನುಮಾನ.

ನಳಿಕೆ:
ಡ್ಯಾಂಪಿಂಗ್ (ಅಲೆಯ ಶಕ್ತಿ ಸೋರಿ ಹೋಗೋದು) ಎಷ್ಟು ಹಾಕಿದೀರ? ಅದನ್ನ ಹೇಳಲೇ ಇಲ್ಲ. ಶಕ್ತಿ ಸೇರಿದ ಮಾತ್ರಕ್ಕೆ ಮೋಡ್ ಬೆಳೆಯಲ್ಲ, ಹೊರಗೆ ಹೋಗೋದಕ್ಕಿಂತ ಜಾಸ್ತಿ ಸೇರಬೇಕು. ರಿಗ್ ತುದಿ ಓಪನ್ನಾ, ಚೋಕ್ಡ್ ನಾಜಲ್ಲಾ (ಹರಿವು ಶಬ್ದದ ವೇಗ ಮುಟ್ಟೋ ಕಿರಿದಾದ ಬಾಯಿ) ಅನ್ನೋದರ ಮೇಲೆ ರಿಫ್ಲೆಕ್ಷನ್ನೇ ಬೇರೆ ಆಗತ್ತೆ. ಸ್ಪೀಕರ್ ಹಾಕಿ, ಕೋಲ್ಡ್ ಫ್ಲೋನಲ್ಲಿ (ಉರಿ ಹಚ್ಚದೆ) ಮೈಕ್ರೋಫೋನ್‌ಗಳಿಂದ ರಿಫ್ಲೆಕ್ಷನ್ ಕೋಎಫಿಶಿಯೆಂಟ್ (ತುದಿಯಿಂದ ಅಲೆ ಎಷ್ಟು ವಾಪಸ್ ಬರತ್ತೆ ಅನ್ನೋದು) ಅಳೆದು ಅದನ್ನೇ ಮಾಡೆಲ್‌ಗೆ ಕೊಡಿ. ಟೆಂಪರೇಚರ್ ಬಗ್ಗೆ ಅಷ್ಟು ತಲೆ ಕೆಡಿಸ್ಕೋಬೇಡಿ, 10% ತಪ್ಪಿದ್ರೆ ಫ್ರೀಕ್ವೆನ್ಸಿ 5% ಆಚೀಚೆ ಆಗತ್ತೆ, ಅಷ್ಟೆ.

ಟರ್ಬೈನ್ ಪಕ್ಕದವನು:
ಮೇಲಿನವರು ಹೇಳಿದ್ದೆಲ್ಲಾ ಲೀನಿಯರ್ ಲೆಕ್ಕ, ಅದು ಮೋಡ್ ಹುಟ್ಟತ್ತಾ ಇಲ್ವಾ ಅಂತ ಹೇಳತ್ತೆ, ಎಷ್ಟು ಜೋರು ಅಂತ ಹೇಳಲ್ಲ. ಅದಕ್ಕೆ ಗೇನ್ ಮತ್ತೆ ಫೇಸು ಆಂಪ್ಲಿಟ್ಯೂಡ್ ಜೊತೆ ಹೆಂಗೆ ಬದಲಾಗತ್ತೆ ಅಂತ ಬೇಕು, ಅಂದ್ರೆ ಡಿಸ್ಕ್ರೈಬಿಂಗ್ ಫಂಕ್ಷನ್. ಸಣ್ಣ ಏರಿಳಿತಕ್ಕೆ ಸುಮ್ನಿರೋ ಕಂಬಸ್ಟರ್ ದೊಡ್ಡ ತಳ್ಳು ಬಿದ್ರೆ ಕೂಗೋಕೆ ಶುರು ಮಾಡೋದೂ ಉಂಟು, ಆಮೇಲೆ ಫ್ಯುಯೆಲ್ ವಾಪಸ್ ಇಳಿಸಿದ್ರೂ ಬೇಗ ನಿಲ್ಲಲ್ಲ. ರಿಗ್‌ನಲ್ಲಿ ಗೆದ್ದ ಮೇಲೂ ಇಂಜಿನ್‌ನಲ್ಲಿ ಬರ್ನರ್‌ಗಳು ಉಂಗುರದ ಹಾಗೆ ಕೂತಿರತ್ವೆ, ಸುತ್ತು ಹೊಡೆಯೋ ಅಜಿಮುಥಲ್ ಮೋಡ್ ಒಂದೇ ಬರ್ನರ್ ರಿಗ್‌ನಲ್ಲಿ ಕಾಣಿಸೋದೇ ಇಲ್ಲ. ಅದಕ್ಕೇ ನಾನು ಪ್ರೆಷರ್ ಸಿಗ್ನಲ್‌ನಿಂದ ಮುನ್ಸೂಚನೆ ಹಿಡಿಯೋ ಪಾರ್ಟಿ. ನಾಯರ್ ಮತ್ತು ಸುಜಿತ್ 2014ರಲ್ಲಿ ತೋರಿಸಿದ ಹಾಗೆ ಇನ್‌ಸ್ಟೆಬಿಲಿಟಿ ಹತ್ರ ಬಂದಂಗೆ ಹರ್ಸ್ಟ್ ಎಕ್ಸ್‌ಪೋನೆಂಟ್ (ಸಿಗ್ನಲ್‌ನ ಏರಿಳಿತ ಕಾಲದ ಜೊತೆ ಹೆಂಗೆ ಮುಂದುವರಿಯತ್ತೆ ಅನ್ನೋದರ ಅಳತೆ) ಸೊನ್ನೆ ಕಡೆ ಇಳಿಯತ್ತೆ, ಕೂಗು ಶುರುವಾಗೋಕೆ ಮುಂಚೇನೇ.

ಉರಿಗಾಳಿ:
ಡ್ಯಾಂಪಿಂಗ್ ಸೊನ್ನೆ ಇಟ್ಟಿದ್ದೆ 😅 ಟ್ರಾನ್ಸ್‌ಫರ್ ಫಂಕ್ಷನ್ ಅಳೀತೀನಿ. ಫೋಟೋಮಲ್ಟಿಪ್ಲೈಯರ್ (ಮಂದ ಬೆಳಕು ಅಳೆಯೋ ಸೆನ್ಸರ್) ಇದೆ, ಫ್ಲೇಮ್‌ನಲ್ಲಿ ಓಎಚ್ ರಾಡಿಕಲ್ ಕೊಡೋ ಬೆಳಕನ್ನೇ ಹೀಟ್ ರಿಲೀಸ್ ಅಂತ ತಗೋಬಹುದಾ?

ಅಲೆಲೆಕ್ಕ:
ಫ್ಯುಯೆಲ್ಲು ಗಾಳಿ ದೂರದಲ್ಲೇ ಪೂರ್ತಿ ಬೆರೆತು ಬರ್ತಿದ್ರೆ ಆರಾಮಾಗಿ ತಗೊಳ್ಳಿ. ಸ್ವರ್ಲರ್ ಹತ್ರ ಇಂಜೆಕ್ಟ್ ಮಾಡ್ತಿದ್ರೆ ಬೇಡ, ಅಲ್ಲಿ ಮಿಶ್ರಣಾನೂ ಏರಿಳಿಯತ್ತೆ, ಆಗ ಬೆಳಕು ಹೆಚ್ಚಾಗಿದ್ದು ಶಾಖದಿಂದಲೋ ಮಿಶ್ರಣದಿಂದಲೋ ಅಂತ ಬೇರೆ ಮಾಡೋಕಾಗಲ್ಲ. ಯಾವುದು ನಿಮ್ದು?